ಯಾವ ಕಡೆಯೋರು, ಯಾವ ಪೈಕಿ?



ನಮ್ಮ ಕೋಲಾರ ಸೀಮೆಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತ ಹೊಸಬರನ್ನು ಮೊದಲು ಕೇಳುವುದು ಹೆಸರಲ್ಲ. 'ಯಾವ ಕಡೆಯೋರು?' ಅಂತ ಕೇಳುತ್ತೇವೆ. ಉತ್ತರ ಬಂದು, ಮಳೆ ಬೆಳೆ ಟೊಮೆಟೊ ರೇಟು ಎಲ್ಲ ಮುಗಿದ ಮೇಲೆ, ದನಿ ಸ್ವಲ್ಪ ತಗ್ಗಿಸಿ ಇನ್ನೊಂದು ಪ್ರಶ್ನೆ: 'ಯಾವ ಪೈಕಿ?' ಮೊದಲನೆಯದು ಊರಿನ ವಿಚಾರಣೆ, ಎರಡನೆಯದು ಕುಲದ ವಿಚಾರಣೆ. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳುವ ಹೊತ್ತಿಗೆ ಇಬ್ಬರೂ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಎರಡು ಸಲ ಹೋಗಿ ಬಂದಿರುತ್ತಾರೆ.

ವಂಶ, ಮನೆಮಾತು, ಹುಟ್ಟಿದೂರು, ಮಾಡುವ ಕಸುಬು, ಇವುಗಳಲ್ಲಿ ಯಾವುದರಿಂದ ಒಬ್ಬ ಮನುಷ್ಯನನ್ನು ಗುರುತಿಸಬೇಕು? ಇದು ನಮ್ಮ ಜಿಲ್ಲೆಗೆ ಮಾತ್ರ ಬಂದ ಪ್ರಶ್ನೆಯಲ್ಲ. ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿ ದ್ವೀಪಗಳಲ್ಲೂ ಇದೇ ಪ್ರಶ್ನೆ ಇದೆ, ಅಲ್ಲಿ ಅದಕ್ಕೆ ಕೊಟ್ಟ ಉತ್ತರ ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಿಂದಲೇ ಶುರು ಮಾಡುತ್ತೇನೆ. ಅದು ಶಿಲ್ಪಿಗಳ ಊರು. ಕಲ್ಲಿನ ವಿಗ್ರಹವೂ ಆಗುತ್ತದೆ, ಪಂಚಲೋಹದ ವಿಗ್ರಹವೂ ಆಗುತ್ತದೆ. ಬೀದಿಗೆ ಕಾಲಿಟ್ಟರೆ ಸುತ್ತಿಗೆ ಸದ್ದು, ಅದರ ಮೇಲೆ ಕಲ್ಲು ಕೊಯ್ಯುವ ಮಿಷಿನ್ನಿನ ಸದ್ದು, ಎಲ್ಲರ ರೆಪ್ಪೆ ಮೇಲೂ ಬೂದು ಬಣ್ಣದ ದೂಳು. ಒಂದು ಶೆಡ್ಡಿನಲ್ಲಿ ನಾನು ನಿಂತಿದ್ದಾಗ ಎದುರಿಗೆ ಕರಿಕಲ್ಲಿನ ಗಂಗಮ್ಮ. ಕಿರೀಟ, ಕಿವಿಯೋಲೆ, ಕೈಯ ಬಟ್ಟಲು ಎಲ್ಲ ಮುಗಿದಿತ್ತು. ಕಣ್ಣಿನ ಜಾಗ ಮಾತ್ರ ನುಣ್ಣಗೆ ಖಾಲಿ. ಚಿತ್ತೂರಿನ ಕಡೆಯಿಂದ ಬಂದಿದ್ದ ಗಿರಾಕಿಗಳು ಕೇಳಿದರು: 'ಆಚಾರಿಗಾರೂ, ಅಮ್ಮವಾರಿ ಪನಿ ಎಂತ ವರಕು ವಚ್ಚಿಂದಿ?' ಅಮ್ಮನ ಕೆಲಸ ಎಲ್ಲಿಗೆ ಬಂತು ಅಂತ. ವಯಸ್ಸಾದ ಶಿಲ್ಪಿ ಉಳಿ ಕೆಳಗಿಡದೆ, 'ಕಳ್ಳು ತೆರಿಚೇದೊಕಟೇ ಉಂದಿ ಸಾಮಿ' ಅಂದರು. ಕಣ್ಣು ತೆರೆಯೋದು ಒಂದೇ ಬಾಕಿ. ಅಷ್ಟರಲ್ಲಿ ಹೊಸೂರಿನಿಂದ ಫೋನು ಬಂತು, ಅದಕ್ಕೆ ತಮಿಳಿನಲ್ಲಿ ಉತ್ತರ. ಫೋನು ಜೇಬಿಗೆ ಹಾಕುತ್ತಾ ಹುಡುಗನಿಗೆ, 'ಲೋ, ಕಲ್ಲಿಗೆ ನೀರ್ ಹಾಕೋ' ಅಂತ ಕನ್ನಡ. 'ನಿಮ್ಮ ಮನೆಮಾತು ಯಾವುದು ಆಚಾರ್ರೇ?' ಎಂದು ನಾನು ಕೇಳಿದೆ. ಅವರು ನಕ್ಕು, 'ಬಂದೋರ ಮಾತೇ ನಮ್ ಮಾತು ಸಾರ್' ಎಂದರು.

ಈಗ ಹವಾಯಿಗೆ ಹೋಗೋಣ. ಅಮೆರಿಕದ 50ನೇ ರಾಜ್ಯವಾಗಿ ಅದು ಸೇರಿದ್ದು 1959ರಲ್ಲಿ. ಕ್ಯಾಲಿಫೋರ್ನಿಯದಲ್ಲಿ ಮನೆ ಮಾಡಿದವರೆಲ್ಲ ಕ್ಯಾಲಿಫೋರ್ನಿಯದವರು, ಅದರಲ್ಲಿ ತಕರಾರಿಲ್ಲ. ಆದರೆ ಹವಾಯಿಯಲ್ಲಿ ಮೂರು ತಲೆಮಾರು ಬದುಕಿದ ಜಪಾನಿ ಮನೆತನದವನೂ ತನ್ನನ್ನು ಹವಾಯಿಯನ್ ಎಂದು ಕರೆದುಕೊಳ್ಳುವುದಿಲ್ಲ. ತಾನು 'ಲೋಕಲ್' ಎನ್ನುತ್ತಾನೆ. ಹವಾಯಿಯನ್ ಎಂಬ ಹೆಸರು ಆ ನೆಲದ ಮೂಲ ಜನರಿಗೆ, ಅವರ ರಕ್ತ ಹಂಚಿಕೊಂಡವರಿಗೆ ಮೀಸಲು. ಅವರು ತಮ್ಮ ಮಾತಿನಲ್ಲಿ 'ಕಾನಕ ಮಾಓಲಿ' ಎಂದು ಹೇಳಿಕೊಳ್ಳುತ್ತಾರೆ. ಹೊರಗಿನಿಂದ ಬಂದವನು, ಮುಖ್ಯವಾಗಿ ಬಿಳಿಯ, 'ಹೌಲೆ'. ಬೆರಕೆ ಸಂತಾನ 'ಹಾಪ'. ಬಹಳ ಕಾಲದಿಂದ ನೆಲೆನಿಂತವನು 'ಕಮಾಐನ', ಅಂದರೆ ಆ ನೆಲದ ಕೂಸು. ಅಂಗಡಿಯಲ್ಲೂ ಶಾಲೆಯಲ್ಲೂ ದಿನಬೆಳಗಾದರೆ ಜನ ಆಡುವ ಮಾತುಗಳು ಇವು.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಬಂದ ಮೇಲೆ, ಅಲ್ಲಿನವರು ಕಂಡರಿಯದ ರೋಗಗಳಿಗೆ ಜನ ರಾಶಿರಾಶಿಯಾಗಿ ಸತ್ತರು. ಕಬ್ಬಿನ ತೋಟಗಳಿಗೆ ಚೀನ, ಜಪಾನ್, ಪೋರ್ಚುಗಲ್, ಫಿಲಿಪೀನ್ಸ್‌ಗಳಿಂದ ಕೂಲಿಗಳನ್ನು ತಂದರು. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದರು, 1896ರಲ್ಲಿ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ಕಾನೂನು ಬಂತು, 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ನೆಲ, ಪಟ್ಟ, ಮಾತು ಮೂರೂ ಕೈಬಿಟ್ಟ ಮೇಲೆ ಉಳಿದದ್ದು ವಂಶಾವಳಿ ಒಂದೇ. ಅದನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಸರ್ಕಾರ ಅದಕ್ಕೂ ಅಳತೆಗೋಲು ತಂದಿತು. 1921ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳಿಗೆ ಜಮೀನು ಕೊಡುವ ಕಾಯ್ದೆ ಮಾಡಿತು. ವರ್ಷಕ್ಕೆ 1 ಡಾಲರ್ ಬಾಡಿಗೆ, 99 ವರ್ಷದ ಗುತ್ತಿಗೆ. ಷರತ್ತು ಏನೆಂದರೆ, ಅರ್ಜಿದಾರನ ಮೈಯಲ್ಲಿ ಕನಿಷ್ಠ ಅರ್ಧ ಪಾಲು ಹವಾಯಿ ರಕ್ತ ಇರಬೇಕು. ಅಜ್ಜಿ ಹವಾಯಿಯವಳು, ಅಜ್ಜ ಚೀನದವನು, ಅಪ್ಪ ಕಟ್ಟಿಕೊಂಡದ್ದು ಪೋರ್ಚುಗೀಸರ ಮಗಳನ್ನು ಎಂದರೆ ಮೊಮ್ಮಗನಿಗೆ ಕಾಲು ಪಾಲು ಮಾತ್ರ. ಅವನು ಹವಾಯಿ ಭಾಷೆ ಎಷ್ಟೇ ಚೆನ್ನಾಗಿ ಆಡಲಿ, ಅಜ್ಜಿಯ ಹಾಡು ಎಷ್ಟೇ ಬರಲಿ, ಕಾಗದದ ಮೇಲೆ ಸಾಲದು.

ಈ ಅಳತೆಗೋಲನ್ನು ಕೋಲಾರಕ್ಕೆ ತಂದರೆ ಏನಾಗುತ್ತದೆ? ಮುರಿದು ಹೋಗುತ್ತದೆ.

2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯಲ್ಲಿ ಕನ್ನಡಕ್ಕಿಂತ ತೆಲುಗನ್ನು ಮಾತೃಭಾಷೆ ಎಂದು ಬರೆಸಿದವರೇ ಹೆಚ್ಚು. ಉರ್ದು, ತಮಿಳು ಮನೆಗಳೂ ಬೇಕಾದಷ್ಟಿವೆ. ಹಾಗಂತ ಇದು ಕನ್ನಡದ ನೆಲ ಅಲ್ಲವೇ? ಗಂಗರು ಮೊದಲು ರಾಜ್ಯ ಕಟ್ಟಿದ್ದು ಕುವಲಾಲ ಎಂಬ ಇದೇ ಕೋಲಾರದಲ್ಲಿ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆರೆದರೆ ಕನ್ನಡದ ಪಕ್ಕದಲ್ಲೇ ಚೋಳರ ತಮಿಳು ಶಾಸನಗಳು, ತೆಲುಗು ಶಾಸನಗಳು. ಕೋಲಾರಮ್ಮನ ಗುಡಿಯ ಗೋಡೆಯಲ್ಲೇ ತಮಿಳು ಬರಹವಿದೆ. ಅಮ್ಮ ಮಾತ್ರ ಮೂರು ಮಾತಿನವರ ಹರಕೆಯನ್ನೂ ಒಪ್ಪಿಸಿಕೊಳ್ಳುತ್ತಾಳೆ.

ಊರಿನ ಹೆಸರುಗಳೂ ಹೀಗೆಯೇ. ಮಾಲೂರು ಕಡೆ 'ಹಳ್ಳಿ', ಶ್ರೀನಿವಾಸಪುರ, ಮುಳುಬಾಗಿಲು ಕಡೆ 'ಪಲ್ಲಿ'. ಶ್ರೀನಿವಾಸಪುರವೇ ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಅದು ಶ್ರೀನಿವಾಸಪುರ ಆಯಿತು. ಇತ್ತ ಆಂಧ್ರದ ಗಡಿಗೆ ಒತ್ತಿಕೊಂಡಿರುವ ಊರಿಗೆ ಅಚ್ಚಕನ್ನಡದ ಹೆಸರು ಮುಳುಬಾಗಿಲು, ಅಂದರೆ ಮೂಡಲ ಬಾಗಿಲು. ಮನುಷ್ಯರ ಹೆಸರು ನೋಡಿ: ಮುನಿಯಪ್ಪ, ಮುನಿವೆಂಕಟಪ್ಪ, ಮುನಿರತ್ನಮ್ಮ. ರಾಜ್ಯದ ಯಾವ ಮೂಲೆಯಲ್ಲಿ ಈ 'ಮುನಿ' ಕಿವಿಗೆ ಬಿದ್ದರೂ 'ಓ, ಕೋಲಾರ, ಬೆಂಗಳೂರು ಕಡೆಯೋರು' ಎನ್ನುತ್ತಾರೆ. ಮುನೇಶ್ವರನ ಹೆಸರು ಅದು. ಇಟ್ಟುಕೊಂಡವನ ಮನೆಮಾತು ತೆಲುಗೋ ಕನ್ನಡವೋ ತಮಿಳೋ ಹೆಸರು ಬಾಯಿ ಬಿಡುವುದಿಲ್ಲ. ಅಜ್ಜನನ್ನು ನಾವು 'ತಾತ' ಎನ್ನುತ್ತೇವೆ, ತೆಲುಗರೂ ತಾತ ಎನ್ನುತ್ತಾರೆ. ದಖನಿ ಉರ್ದುವಿನ 'ನಕ್ಕೋ', ಅಂದರೆ 'ಬೇಡ', ಎಲ್ಲ ಜಾತಿಯ ಹುಡುಗರ ಬಾಯಲ್ಲೂ ಇದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದೇ ಮಾಲೂರು ತಾಲ್ಲೂಕಿನವರು, 1891ರಲ್ಲಿ ಹುಟ್ಟಿದವರು. ಮನೆಯಲ್ಲಿ ತಮಿಳು. 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಯದೇ. ಅವರ ಹೆಸರಿನ ಮೊದಲಲ್ಲಿರುವ ಮೋಕ್ಷಗುಂಡಂ ಆಂಧ್ರದ ಒಂದು ಊರು. ತಾತ ಮುತ್ತಾತಂದಿರು ಅಲ್ಲಿಂದ ಹೊರಟು ಬಂದರು, ಊರು ಅವರ ಹೆಸರಿನ ಹಿಂದೆಯೇ ಬಂತು. ಇವರಿಬ್ಬರಲ್ಲಿ ಕನ್ನಡದ ಪಾಲು ಅರ್ಧವೋ ಕಾಲೋ ಎಂದು ಅಳೆಯುವ ಧೈರ್ಯ ಯಾರಿಗಿದೆ?

ಹಾಗಾದರೆ ನಾವು ವಂಶವನ್ನು ಮರೆತವರೇ? ಇಲ್ಲ. ನಮ್ಮಲ್ಲಿ ವಂಶದ ನೆನಪು ಭಾಷೆಗೆ ಅಂಟಿಕೊಂಡಿಲ್ಲ, ನಾಡಿಗೆ ಮತ್ತು ಕಸುಬಿಗೆ ಅಂಟಿಕೊಂಡಿದೆ. ಮೊರಸುನಾಡು ಎಂಬ ಹಳೆಯ ನಾಡಿನ ಹೆಸರು ಇಂದು ನಕ್ಷೆಯಲ್ಲಿಲ್ಲ, ಮೊರಸು ಒಕ್ಕಲಿಗ ಎಂಬ ಹೆಸರಿನಲ್ಲಿ ಉಳಿದಿದೆ. ಅವರಲ್ಲಿ ಕನ್ನಡದ ಮನೆಗಳೂ ಇವೆ, ತೆಲುಗಿನ ಮನೆಗಳೂ ಇವೆ. ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು, ಪಾಲಾರ್ ದಾಟಿ ಬಂದು, ನಂದಿಬೆಟ್ಟದ ಹತ್ತಿರದ ಆವತಿಯಲ್ಲಿ ನೆಲೆನಿಂತರು ಎಂಬ ಕಥೆಯನ್ನು ಅವರ ಪ್ರಭು ಮನೆತನ ಹೇಳಿಕೊಂಡು ಬಂತು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಅದೇ ವಂಶದ ಕವಲು.

ಇವರಲ್ಲೇ ಒಂದು ಪಂಗಡದ ಹೆಂಗಸರು ಹಿಂದೆ ಭೈರವನಿಗೆ ಬೆರಳು ಕೊಡುತ್ತಿದ್ದರು. ಕೋಲಾರದ ಹತ್ತಿರದ ಸೀತಿಬೆಟ್ಟಕ್ಕೂ ಈ ಪದ್ಧತಿಗೂ ನಂಟಿದೆ. ಮಗುವಿಗೆ ಕಿವಿ ಚುಚ್ಚಿಸುವ ಹೊತ್ತಿಗೆ ತಾಯಿಯ ಎರಡು ಬೆರಳುಗಳ ತುದಿಯನ್ನು ಉಳಿಯಿಟ್ಟು ಕತ್ತರಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ಇದನ್ನು ನಿಲ್ಲಿಸಿತು. ಆಮೇಲೆ ಬೆರಳಿಗೆ ಚಿನ್ನದ ತಂತಿ ಸುತ್ತಿ ತೆಗೆಯುವುದು ಬಂತು. ಬೆರಳು ಉಳಿಯಿತು, ಕುಲವೂ ಉಳಿಯಿತು. ರಕ್ತ ಹರಿಯದಿದ್ದರೆ ಗುರುತು ಹೋಗುತ್ತದೆ ಎಂಬ ಭಯ ಸುಳ್ಳು ಎಂದು ಆ ತಾಯಂದಿರೇ ತೋರಿಸಿಕೊಟ್ಟರು.

ಶಿವಾರಪಟ್ಟಣದವರ ಕಸುಬಿಗೆ ಬರೋಣ. ವಿಶ್ವಕರ್ಮರು ತಮ್ಮ ಮೂಲವನ್ನು ಐದು ಕವಲಾಗಿ ಹೇಳುತ್ತಾರೆ: ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ. ಸಾನಗ, ಸನಾತನ, ಅಹಭೂನ, ಪ್ರತ್ನ, ಸುಪರ್ಣ ಎಂಬ ಐದು ಗೋತ್ರಗಳು. ಇಲ್ಲಿ ತೆಲುಗು ಕನ್ನಡ ತಮಿಳು ಎಂಬ ವಿಂಗಡಣೆಯೇ ಇಲ್ಲ, ಕೈಗೆ ಬಂದ ವಸ್ತುವೇ ಗುರುತು. ಹಳಗನ್ನಡದಲ್ಲಿ ಶಿಲ್ಪಿಗೆ 'ರೂವಾರಿ' ಎಂದು ಹೆಸರು. ಬೇಲೂರಿನ ವಿಗ್ರಹಗಳ ಕೆಳಗೆ ರೂವಾರಿಗಳು ತಮ್ಮ ಹೆಸರು ಕೆತ್ತಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪನ ಹೆಸರು, ಊರ ಹೆಸರು, ಕಣ್ಣೆದುರಿಗೆ ಕೆಲಸ. ಗುರುತಿಗೆ ಅಷ್ಟು ಸಾಕಿತ್ತು.

ಆದರೆ ಊರು ಅಷ್ಟಕ್ಕೆ ಬಿಡಲಿಲ್ಲ. ಮದುವೆ ಮುಂಜಿಗಳನ್ನು ತಮ್ಮ ಪುರೋಹಿತರಿಂದಲೇ ಮಾಡಿಸಿಕೊಳ್ಳುವ ಹಕ್ಕಿಗಾಗಿ ವಿಶ್ವಕರ್ಮರು ಕೋರ್ಟಿಗೆ ಹೋಗಬೇಕಾಯಿತು. ಮುಳುಬಾಗಿಲಿಗೆ ಆಚೆ ಕಡೆ ಇರುವ ಚಿತ್ತೂರಿನ ಜಿಲ್ಲಾ ಅದಾಲತ್ತು 1818ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಇನ್ನೊಂದು ವಿಷಯ ಇಂದಿನವರಿಗೆ ಆಶ್ಚರ್ಯ ತರಬಹುದು. ಹಳೆ ಮೈಸೂರಿನಲ್ಲಿ ಜಾತಿಗಳೆಲ್ಲ ಬಲಗೈ, ಎಡಗೈ ಎಂದು ಎರಡು ಕಟ್ಟಾಗಿದ್ದವು. ಬಲಗೈಯವರದು ಹದಿನೆಂಟು ಪಣ, ಅಂದರೆ ಹದಿನೆಂಟು ಜಾತಿ ಗುಂಪು, ಎಡಗೈಯವರದು ಒಂಬತ್ತು ಪಣ. ಬಲಗೈಗೆ ಮುಂದಾಳು ಬಣಜಿಗರು, ಅವರ ಜೊತೆ ಹೊಲೆಯರು. ಎಡಗೈಗೆ ಮುಂದಾಳು ಪಂಚಾಳರು, ಅಂದರೆ ಇದೇ ವಿಶ್ವಕರ್ಮರು, ಅವರ ಜೊತೆ ಮಾದಿಗರು. ಜನಿವಾರದ ಶಿಲ್ಪಿಯೂ ಊರಾಚೆ ಕೇರಿಯಲ್ಲಿದ್ದ ಚರ್ಮದ ಕಸುಬಿನವರೂ ಒಂದೇ ಕಟ್ಟಿನವರು! ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದಕ್ಕೆ ಎರಡು ಕಟ್ಟುಗಳೂ ಬಡಿದಾಡಿದ ಕಾಲವೊಂದಿತ್ತು. ಇವತ್ತು ಆ ಒಂಬತ್ತು ಪಣದ ಲೆಕ್ಕ ಯಾರಿಗೂ ನೆನಪಿಲ್ಲ. ಗುರುತುಗಳು ಕಲ್ಲಲ್ಲಿ ಕೊರೆದಂತೆ ಕಾಣುತ್ತವೆ, ಆದರೆ ಕಾಲ ಅವುಗಳನ್ನೂ ತಿದ್ದುತ್ತದೆ.

ಹವಾಯಿಯ ಕಬ್ಬಿನ ತೋಟಕ್ಕೆ ನಮ್ಮಲ್ಲಿ ಜೋಡಿ ಇರುವುದು ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿಗಾರಿಕೆ ಹಿಡಿಯಿತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಕಾರ್ಮಿಕರು ಬಂದರು. ಕೂಲಿ ಲೈನುಗಳ ತಗಡಿನ ಮನೆಗಳಲ್ಲಿ ತಮಿಳು ಊರಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಊರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲಿನಲ್ಲಿ ಕೂಲಿಗೆ ಹೋಗಿ ಬರುವ ಊರಾಯಿತು. ಅಲ್ಲಿನವರನ್ನು ಯಾವ ಊರು ಎಂದರೆ ಆರ್ಕಾಟ್ ಎನ್ನುವುದಿಲ್ಲ, 'ಕೆ.ಜಿ.ಎಫ್.' ಎನ್ನುತ್ತಾರೆ.

ಈ ಕಾರ್ಮಿಕರ ನಡುವೆ ಒಬ್ಬ ದೊಡ್ಡ ಮನುಷ್ಯನ ಮಾತು ಓಡಾಡಿತು. ಪಂಡಿತ ಅಯೋಧಿದಾಸರು, ತಮಿಳಿನಲ್ಲಿ ಅಯೋತಿದಾಸ್. ಜಾತಿವ್ಯವಸ್ಥೆ ಹೊರಗಿಟ್ಟ ತಮ್ಮ ಜನ ಜನಗಣತಿಯವರಿಗೆ ಅವಮಾನದ ಹೆಸರು ಹೇಳದೆ 'ಮೂಲ ತಮಿಳರು' ಎಂದು ಬರೆಸಬೇಕು ಎಂದು ಅವರು 1881ರಷ್ಟು ಹಿಂದೆಯೇ ಹೇಳಿದ್ದರು. ಮುಂದೆ ಅವರು ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲೂ ನಡೆಯಿತು. ಜನಗಣತಿಯ ಹಾಳೆಯಲ್ಲಿ ಬರೆಯುವ ಒಂದು ಹೆಸರು ಮಾನದ ಪ್ರಶ್ನೆ ಎಂದು ಅವರಿಗೆ ಗೊತ್ತಿತ್ತು. ಹವಾಯಿಯಲ್ಲೂ ಹೀಗೇ ಆಯಿತು. ಕಾನಕ ಎಂದರೆ ಅವರ ಮಾತಿನಲ್ಲಿ ಮನುಷ್ಯ. ಬಿಳಿಯ ತೋಟದ ಮಾಲೀಕರು ಆಸ್ಟ್ರೇಲಿಯದವರೆಗೂ ಅದನ್ನು ಕೂಲಿಯವರನ್ನು ಬೈಯುವ ಪದ ಮಾಡಿದ್ದರು. ಹವಾಯಿಯ ಜನ ಅದನ್ನೇ ತಲೆಯೆತ್ತಿ ಹೇಳುವ ಹೆಸರು ಮಾಡಿಕೊಂಡರು. ಆಂಧ್ರದಲ್ಲಿ 1994ರಲ್ಲಿ ಶುರುವಾದ ಮಾದಿಗರ ದಂಡೋರ ಚಳವಳಿಯಲ್ಲಿ ಯುವಕರು 'ಮಾದಿಗ' ಎಂಬುದನ್ನು ತಮ್ಮ ಹೆಸರಿನ ಕೊನೆಗೆ ಸೇರಿಸಿಕೊಂಡದ್ದೂ ಇದೇ ದಾರಿ.

ಮೈಸೂರು ಸಂಸ್ಥಾನ ಇನ್ನೊಂದು ದಾರಿ ಹಿಡಿದಿತ್ತು. ಹೊಲೆಯರಿಗೆ, ಮಾದಿಗರಿಗೆ ಹಳೆಯ ಹೆಸರು ಬೇಡ, ಗೌರವದ ಹೆಸರು ಇರಲಿ ಎಂದು ಆದಿ ಕರ್ನಾಟಕ, ಆದಿ ದ್ರಾವಿಡ ಎಂದು ಬರೆಯಿತು. ಉದ್ದೇಶ ಒಳ್ಳೆಯದೇ. ಜನ ಅದನ್ನು ಎ.ಕೆ., ಎ.ಡಿ. ಎಂದು ಮೊಟಕು ಮಾಡಿಕೊಂಡರು. ಆದರೆ ಒಂದೂರಿನ ಎಡಗೈಯ ಮಾದಿಗರೂ ಎ.ಕೆ., ಇನ್ನೊಂದೂರಿನ ಬಲಗೈಯ ಹೊಲೆಯರೂ ಎ.ಕೆ. ಆದಾಗ, ಮೀಸಲಾತಿಯ ಪಾಲು ಯಾರಿಗೆ ಎಷ್ಟು ಸಿಕ್ಕಿತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಒಳಮೀಸಲಾತಿಗೆ ಒಪ್ಪಿದ ಮೇಲೆ, ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರಲ್ಲಿ ಮನೆಮನೆಗೆ ಗಣತಿದಾರರನ್ನು ಕಳಿಸಿ, ಈ ಮೊಟಕು ಹೆಸರುಗಳ ಹಿಂದಿನ ಹೆಸರು ಕೇಳಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ಹತ್ತರಲ್ಲಿ ಮೂವರು ಪರಿಶಿಷ್ಟ ಜಾತಿಯವರಿರುವ ನಮ್ಮ ಜಿಲ್ಲೆಗೆ ಇದು ಪತ್ರಿಕೆಯ ಸುದ್ದಿ ಮಾತ್ರ ಅಲ್ಲ, ಮನೆಯ ಸುದ್ದಿ.

ಇಷ್ಟೆಲ್ಲ ಹೇಳಿದ್ದರಿಂದ ನನಗೆ ಹೊಳೆಯುವ ತೀರ್ಪು ಇಷ್ಟು. ಕುಲದ ಹೆಸರು ಹಕ್ಕಿನ ಲೆಕ್ಕಕ್ಕೆ ಬೇಕು, ಅದನ್ನು ಮುಚ್ಚಿಟ್ಟರೆ ನಷ್ಟ ಬಡವರಿಗೇ. ಮನೆಮಾತು ಮಗುವಿನ ಬೆಳವಣಿಗೆಗೆ ಬೇಕು. ಆದರೆ ನೆಲದವನು ಯಾರು ಎಂಬ ಪ್ರಶ್ನೆಗೆ ಇವೆರಡೂ ಉತ್ತರವಲ್ಲ. ಹವಾಯಿಯವರು ರಕ್ತವನ್ನು ಹಿಡಿದುಕೊಂಡದ್ದು ಉಳಿದೆಲ್ಲವನ್ನೂ ಕಸಿದುಕೊಂಡದ್ದರಿಂದ. ಅವರೂ ಕೊನೆಗೆ ಭಾಷೆಯ ಕಡೆಗೇ ತಿರುಗಿದರು. 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಯಾಯಿತು, 1984ರಲ್ಲಿ ಪುಟ್ಟ ಮಕ್ಕಳಿಗೆ ಆ ಭಾಷೆಯಲ್ಲೇ ಪಾಠ ಹೇಳುವ 'ಪೂನನ ಲೆಓ' ಶಾಲೆಗಳು ಶುರುವಾದವು. ನಮ್ಮಲ್ಲಿ ಕನ್ನಡವನ್ನು ಯಾರೂ ಕಸಿದುಕೊಂಡಿಲ್ಲ. ಕನ್ನಡ ನಮಗೆ ಎಲ್ಲ ಮನೆಗಳೂ ಕೂಡುವ ಜಗಲಿ. ಜಗಲಿಗೆ ಬಂದವನನ್ನು ಒಳಮನೆಯಲ್ಲಿ ಏನು ಮಾತಾಡಿದೆ ಎಂದು ಗದರಿಸುವುದು ನಮ್ಮ ಮರ್ಯಾದೆಯಲ್ಲ. ಒಳಮನೆಯ ಮಾತನ್ನು ನೆಪ ಮಾಡಿಕೊಂಡು ಜಗಲಿಗೇ ಬರುವುದಿಲ್ಲ ಎನ್ನುವುದೂ ಮರ್ಯಾದೆಯಲ್ಲ.

ಮುಗಿಸುವ ಮುಂಚೆ ಒಂದು ವಿನಂತಿ. 2027ರ ಜನಗಣತಿಗೆ ಆಧಾರ ದಿನ ಮಾರ್ಚ್ 1. 1931ರ ನಂತರ ಮೊದಲ ಬಾರಿಗೆ ಅದರಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಗಣತಿದಾರರು ಬಾಗಿಲಿಗೆ ಬಂದಾಗ ಎ.ಕೆ., ಎ.ಡಿ. ಎಂದು ಹೇಳಿ ಕಳಿಸಬೇಡಿ, ಅದರ ಹಿಂದಿರುವ ಜಾತಿಯ ಹೆಸರನ್ನೇ ಬರೆಸಿ. ಮಾತೃಭಾಷೆ ಎಂದರೆ ಎಳೆತನದಲ್ಲಿ ತಾಯಿ ನಿಮ್ಮ ಜೊತೆ ಆಡಿದ ಮಾತು ಎಂಬುದು ಜನಗಣತಿಯ ವಿವರಣೆ. ಅದು ತೆಲುಗಾದರೆ ತೆಲುಗು, ತಮಿಳಾದರೆ ತಮಿಳು, ಉರ್ದುವಾದರೆ ಉರ್ದು ಎಂದೇ ಹೇಳಿ, ಅದರಲ್ಲಿ ಅಂಜಿಕೆ ಬೇಡ. ಹಿಂದಿನ ಗಣತಿಗಳಲ್ಲಿ ಗೊತ್ತಿರುವ ಬೇರೆ ಭಾಷೆಗಳಿಗೆ ಇನ್ನೆರಡು ಜಾಗ ಕೊಟ್ಟಿದ್ದರು, ಬಹಳ ಜನ ಅದನ್ನು ಖಾಲಿ ಬಿಟ್ಟರು. ಈ ಸಲವೂ ಕೇಳಿದರೆ ಅಲ್ಲಿ ಕನ್ನಡ ಎಂದು ತಪ್ಪದೆ ಬರೆಸಿ. ಕೇಳದಿದ್ದರೆ ನೀವಾಗಿಯೇ ವಿಚಾರಿಸಿ. ಅವರು ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳಿ, ಆಮೇಲೆ ಕಳಿಸಿಕೊಡಿ.